ಗೋಲಿ ಉರುಳುವ ಕಡೆ

ನಮ್ಮ ಮನೆಯಲ್ಲಿ ಗೋಲಿಯನ್ನು
ಯಾರೂ ಉರುಳಿಸಬೇಕಿರಲಿಲ್ಲ.
ಬಾಗಿಲ ಬಳಿ ಇಟ್ಟರೆ ಸಾಕು,
ತಾನೇ ಯೋಚಿಸಿಕೊಂಡು, ನಿಧಾನಕ್ಕೆ,
ಅಗ್ಗಿಷ್ಟಿಕೆಯ ಮುಂದಿನ ಚಾಪೆ ಬಳಸಿ
ಅಜ್ಜಿಯ ಕುರ್ಚಿಯಡಿ ಹೋಗಿ ನಿಲ್ಲುತ್ತಿತ್ತು.
‘ಇವತ್ತು ಬೇಗ ಬಂತು’ ಎನ್ನುತ್ತಿದ್ದಳು ಅಜ್ಜಿ
ಹೆಣಿಗೆಯಿಂದ ತಲೆಯೆತ್ತದೆ.
ಅಂದರೆ ಮನೆ ಇನ್ನೊಂದು ಕೂದಲೆಳೆ ಕುಸಿದಿದೆ.

ಮಾರ್ಲ್‌ವಿಚ್ ಉಪ್ಪಿನ ಊರು.
ನೆಲದಡಿಯ ಉಪ್ಪುಬಂಡೆಗೆ
ನೀರು ಕುಡಿಸಿ, ಕರಗಿಸಿ, ಪಂಪಿನಲ್ಲಿ ಹೀರಿ
ಕಬ್ಬಿಣದ ಕೊಪ್ಪರಿಗೆಗಳಲ್ಲಿ ಹಗಲೂ ಇರುಳೂ ಕುದಿಸಿ
ಅಚ್ಚು ಹಾಕಿ, ದೋಣಿಗೇರಿಸಿ
ಲಿವರ್‌ಪೂಲಿಗೆ, ಅಲ್ಲಿಂದ ಎಲ್ಲೆಲ್ಲಿಗೋ.
ಯಾವ ದೇಶದಲ್ಲಿ ಯಾರ ಅಡುಗೆಗೆ
ನಮ್ಮ ನೆಲ ಬಿತ್ತೋ ಗೊತ್ತಿರಲಿಲ್ಲ.
ಉಪ್ಪು ತಿಂದವರು ಯಾರೋ,
ನೀರು ಕುಡಿದದ್ದು ನಮ್ಮ ಬೀದಿ.

ಅಪ್ಪ ಮನೆ ಎತ್ತುವವನು.
ಮರದ ಚೌಕಟ್ಟಿನ ಮನೆಗಳ ಅಡಿಗೆ ಜಾಕು ಕೊಟ್ಟು
ಹನ್ನೆರಡು ಜನ ಸುತ್ತ ನಿಂತು
ಅವನ ಸೀಟಿಗೊಂದು ಕಾಲು ಸುತ್ತು.
ಶಾಲ್‌ಕ್ರಾಸ್ ಮುದುಕಿ ಮಿಠಾಯಿ ಅಂಗಡಿ ಬಿಟ್ಟು ಇಳಿಯಲೇ ಇಲ್ಲ:
‘ನನ್ನನ್ನೂ ಸೇರಿಸಿ ಎತ್ತು ಈನಕ್, ನಾನೇನು ಭಾರವೇ?’
ಅವಳು ಪುದೀನ ಮಿಠಾಯಿ ತೂಗುತ್ತಿದ್ದ ಹಾಗೇ
ಅಂಗಡಿ ನಾಲ್ಕಡಿ ಮೇಲೆ ಹೋಯಿತು.
ಬೀದಿಯ ಮಕ್ಕಳು ಕೆಳಗಿನಿಂದ ಕೈಚಾಚಿದೆವು.
ಆ ದಿನ ತಕ್ಕಡಿ ಸುಳ್ಳು ಹೇಳಿತು,
ನಮ್ಮ ಪರವಾಗಿ.

ನಮ್ಮದು ಇಟ್ಟಿಗೆಯ ಮನೆ. ಎತ್ತಲು ಬಾರದ್ದು.
ಅಮ್ಮ ಮೇಜಿನ ಕಾಲಿಗೆ ಬೆಂಕಿಪೊಟ್ಟಣ ಕೊಟ್ಟಳು,
ಆಮೇಲೆ ಹಂಚಿನ ಚೂರು,
ಆಮೇಲೆ, ದೇವರ ಕ್ಷಮೆ ಕೇಳಿ, ಹಳೆಯ ಪ್ರಾರ್ಥನೆ ಪುಸ್ತಕ.
ಬಡಗಿ ವರ್ಷಕ್ಕೊಮ್ಮೆ ಬಂದು ಬಾಗಿಲ ತಲೆ ಹೆರೆದ,
ಕ್ಷೌರ ಮಾಡಿದಂತೆ.
ಟೀ ಮಾತ್ರ ಬಟ್ಟಲಲ್ಲಿ ನೇರ ನಿಲ್ಲುತ್ತಿತ್ತು,
ಬಟ್ಟಲೇ ಸೊಟ್ಟ ಎಂದು ಚಾಡಿ ಹೇಳುವಷ್ಟು ನೇರ.

ಶಾಲೆಯಲ್ಲಿ ಮಿಸ್ ಡಂಕಾಫ್ ಬೆರಳ ಗೆಣ್ಣಿಗೆ ಹೊಡೆದಳು:
‘ಸಾಲು ಯಾಕೆ ಹಳ್ಳಕ್ಕೆ ಬೀಳುತ್ತಿದೆ, ಡೋರ್ಕಸ್ ಬರ್ಟಲ್ಸ್?’
ಮನೆಯ ಮೇಜು ಹಾಗಿದೆ ಎನ್ನಲು ನಾಚಿಕೆ.
ಮನೆ ಎತ್ತುವವನ ಮಗಳು ನಾನು.

ಫೆಬ್ರವರಿಯ ಒಂದು ರಾತ್ರಿ
ಗ್ಯಾಂಡಿಯವರ ಕುದುರೆ ಲಾಯದ ಸಮೇತ ಇಳಿದುಹೋಯಿತು.
ಬೆಳಿಗ್ಗೆ ನೋಡಿದರೆ ದುಂಡನೆಯ ಕೊಳ,
ಅದರಲ್ಲಿ ಒಂದು ಬಕೆಟ್ಟು.
ಮೂರು ವಾರಕ್ಕೆ ಕೌನ್ಸಿಲಿನ ಕಾಗದ ಬಂತು.
ದಿಬ್ಬದ ಮೇಲೆ ಹೊಸ ಮನೆ, ಸಿಮೆಂಟು ನೆಲ,
ಒಳಗೇ ಕಕ್ಕಸು.

ಮೊದಲ ಸಂಜೆ ಬಾಗಿಲ ಬಳಿ ಗೋಲಿ ಇಟ್ಟೆ.
ಇಟ್ಟಲ್ಲೇ ನಿಂತಿತು.
ಅಜ್ಜಿ ಕುರ್ಚಿಯಲ್ಲಿ ಕಾದಳು. ಕಾದಳು.
ಏಳು ವರ್ಷದ ನಾನು ಕಾಲ ತುದಿಯಿಂದ
ಯಾರಿಗೂ ಕಾಣದಂತೆ ಮೆಲ್ಲಗೆ ದೂಡಿದೆ.
‘ಬಂತು’ ಅಂದಳು.
ನನ್ನತ್ತ ನೋಡಲಿಲ್ಲ.

ಈಗ ಅಲ್ಲಿ ಕೆರೆ. ಹಕ್ಕಿ ನೋಡುವವರಿಗೆ ಬೆಂಚುಗಳು.
ಊರ ಚರಿತ್ರೆ ಸಂಘದ ಹುಡುಗ,
ಗಡ್ಡ ಇನ್ನೂ ಸರಿಯಾಗಿ ಕೂತಿಲ್ಲ,
ಒಂದು ಫೋಟೋ ತಂದಿದ್ದಾನೆ:
ಎತ್ತಿ ನಿಲ್ಲಿಸಿದ ಮಿಠಾಯಿ ಅಂಗಡಿ, ಕೆಳಗೆ ಆರು ಮಕ್ಕಳು,
ಬೆನ್ನಿಗೆ ಪೆನ್ಸಿಲಿನಲ್ಲಿ ‘ಗುರುತಿಲ್ಲ’.
ಯಾವ ಬೀದಿ ಇದು ಎಂದ.
ಕಿಟಕಿಯಾಚೆ ನೀರು ತೋರಿಸಿದೆ.
ಒಂದು ಬಾತು
ನಮ್ಮ ಅಡುಗೆಮನೆ ದಾಟುತ್ತಿತ್ತು.

ಹೆಸರು ಬರೆದುಕೊಟ್ಟೆ.
ಕ್ಲೆಮೆಂಟ್ ಗ್ಯಾಂಡಿ, ಕುದುರೆ ಹೋದಮೇಲೆ
ವರ್ಷವಿಡೀ ಮಾತಾಡದಿದ್ದವನು.
ಹಲ್ಸ್ ಅವಳಿಗಳು, ಯಾರು ಯಾರೆಂದು ಅವರಮ್ಮನಿಗೂ ಅನುಮಾನ.
ಟೋಪಿಯವನು ಸೆಪ್ಟಿಮಸ್ ರೆಂಚ್.
ಬಾಯಿ ತುಂಬ ಮಿಠಾಯಿ ಇಟ್ಟುಕೊಂಡವಳು ನಾನು.
‘ಸಾಲು ಕೆಳಗೆ ಜಾರುತ್ತಿದೆ’ ಎಂದ ಹುಡುಗ.
ಜಾರಲಿ ಎಂದೆ.

ಉಳಿದದ್ದು ಒಬ್ಬಳು.
ನನ್ನ ಎಡಕ್ಕೆ, ಒಂದೇ ಕಾಲುಚೀಲದವಳು,
ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದಾಳೆ.
ಆ ಬೆರಳುಗಳ ಅಂಟು ಗೊತ್ತು, ಪುದೀನದ ಅಂಟು.
ಹೆಸರು ಎಷ್ಟು ಕರೆದರೂ ಮೇಲೆ ಬರಲಿಲ್ಲ.
‘ಪರವಾಗಿಲ್ಲ ಬಿಡಿ’ ಎಂದು ಅವನು ಕೋಟು ಹಾಕಿಕೊಂಡ.
ಸಾಲಿನ ಕೊನೆಯಲ್ಲಿ
ಒಂದು ಹೆಸರಿನಷ್ಟು ಜಾಗ ಬಿಟ್ಟು
ಫೋಟೋ ಕೊಟ್ಟೆ.