ಟ್ರಂಕಿನ ಮೇಲಿನ ಹೆಸರು

ನಾಳೆ ಸಂತ ಜೋಸೆಫರ ಹಬ್ಬ.
ಪ್ರಬೋಧನೆಗೆಂದು ತೆಗೆದಿಟ್ಟ ಹಾಳೆ
ಒಂಬತ್ತು ಗಂಟೆಯಿಂದ ಖಾಲಿಯೇ ಇದೆ.
ನಾಲ್ಕೂ ಶುಭಸಂದೇಶ ತಡಕಿದರೂ
ಆ ಮನುಷ್ಯ ಒಂದು ಮಾತಾಡಿದ್ದು ಸಿಗುವುದಿಲ್ಲ.
ಎದ್ದ, ತಾಯಿಮಗುವನ್ನು ಕರೆದುಕೊಂಡ, ಹೊರಟ. ಅಷ್ಟೆ.
ಇಂಥವನ ಬಗ್ಗೆ ಹೊಸನಗರದ ಈ ನಲವತ್ತು ಮನೆಗಳಿಗೆ
ಹತ್ತು ನಿಮಿಷ ಏನು ಹೇಳಲಿ?

ನಮ್ಮಪ್ಪ ಚೌರಪ್ಪನೂ ಹಾಗೆಯೇ.
ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ
ಕುಲುಮೆಯ ಬಾಯಿ ಕಾಯುವ ಕೆಲಸ.
ರಾತ್ರಿ ಪಾಳಿ ಮುಗಿಸಿ ಬಂದು
ಮಲಗಿದ್ದ ನಮ್ಮ ಹಣೆಗಳ ಮೇಲೆ
ಸುಟ್ಟು ದಡ್ಡುಗಟ್ಟಿದ ಹೆಬ್ಬೆರಳಿಂದ
ಶಿಲುಬೆ ಎಳೆಯುತ್ತಿದ್ದ.
ಎಚ್ಚರವಿದ್ದೂ ಕಣ್ಣು ಮುಚ್ಚಿರುತ್ತಿದ್ದೆ ನಾನು,
ಕಂಡೆನೆಂದು ಗೊತ್ತಾದರೆ ನಾಚಿ
ನಿಲ್ಲಿಸಿಬಿಟ್ಟಾನೆಂದು.
ಈ ಸಲ ಬೂದಿ ಬುಧವಾರ, ಸಾಲು ನಿಂತ ಹಣೆಗಳಿಗೆ
ನನ್ನ ಹೆಬ್ಬೆರಳು ತೀರಾ ಮೆತ್ತಗೆನಿಸಿತು.

ಸೆಮಿನರಿಗೆ ಹೋಗುತ್ತೇನೆ ಅಂದಾಗ
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಮರುದಿನ ಕ್ರೇನಿಗೆ ಬಳಿಯುವ ಹಳದಿ ಪೇಂಟು ತಂದು
ತಗಡಿನ ಟ್ರಂಕಿನ ಮೇಲೆ, ನಾಲಿಗೆ ಕಚ್ಚಿಕೊಂಡು, ಬರೆದ:
ಪೆಲಿಕ್ಸು ಬಿನ್ ಚೌರಪ್ಪ.
ಅಲ್ಲಿ ಹುಡುಗರು ನಕ್ಕರು.
ಕೆರೆದು ತಿದ್ದೆಂದು ಬ್ಲೇಡು ಕೊಟ್ಟರು.
ತಿದ್ದಲಿಲ್ಲ.

ಉಪದೇಶಿ ಸಂದ್ಯಾಗಪ್ಪ ಮಾತ್ರ ಮಾತಿನ ಗಿರಣಿ.
ಸೈಕಲ್ಲಿನ ಕ್ಯಾರಿಯರ್‌ನಲ್ಲಿ ಜ್ಞಾನೋಪದೇಶ,
ಹ್ಯಾಂಡಲ್ಲಿಗೆ ಬದನೆಕಾಯಿ ಚೀಲ.
'ದೇವರು ನಿನ್ನನ್ನು ಏಕೆ ಸೃಷ್ಟಿಸಿದರು?'
ಉತ್ತರ ಮರೆತವನ ತಲೆಗೊಂದು ಮೊಟಕು,
ಹಿಂದೆಯೇ ಒಂದು ಪೆಪ್ಪರಮಿಂಟು.
ಎರಡರಾಸೆಗೂ ನಾನು ಮರೆಯುತ್ತಿದ್ದೆ.
ಗಂಟೆ ಹೊಡೆಯಲು ಕಲಿಸಿದವನೂ ಅವನೇ.
ಮೊದಲ ಸಲ ಹಗ್ಗ ನನ್ನನ್ನೇ ಎತ್ತಿಕೊಂಡು ಹೋಯಿತು.
'ಎಳೆಯೋದನ್ನ ಕತ್ತೇನೂ ಕಲೀತದೆ ಕಣೋ.
ಬಿಡೋದನ್ನ ಕಲಿ. ಬಿಟ್ಟಾಗ್ಲೇ ಅದು ಮಾತಾಡೋದು.'

ಅಪ್ಪನನ್ನು ಮಣ್ಣಿಗಿಳಿಸಿದ ದಿನ
ಹಗ್ಗದ ಒಂದು ತುದಿ ನನ್ನ ಕೈಲಿತ್ತು.
ಎದುರಿನ ತುದಿಯಲ್ಲಿ ಸಂದ್ಯಾಗಪ್ಪ,
ಅದೊಂದೇ ದಿನ ಬಾಯಿಗೆ ಬೀಗ.
ನನ್ನ ಮುಖ ನೋಡಿದ. ಗದ್ದ ಅಲುಗಿಸಿದ.
ಬಿಟ್ಟೆ.

ಫಾದರ್ ಬೋನಿಫಾಸ್ ರೇಗೊ ಬಗ್ಗೆ
ಹೇಳಬಹುದಾದ್ದು ಸ್ವಲ್ಪವೇ.
ನಶ್ಯದ ಕಲೆಯ ಕರವಸ್ತ್ರ;
ಕನ್ನಡದಲ್ಲಿ ಬೈದು ಕೊಂಕಣಿಯಲ್ಲಿ ಕ್ಷಮೆ ಕೇಳುವ ಚಾಳಿ;
ನನ್ನ ಫೀಸು ಕಟ್ಟಿದ ರಸೀದಿಗಳನ್ನು
ನನಗೇ ಕಾಣದಂತೆ ಬೈಬಲ್ಲಿನಲ್ಲಿ,
ಯೋಬನ ಪುಟಗಳ ನಡುವೆ, ಬಚ್ಚಿಟ್ಟದ್ದು.
ನನಗೆ ಗುರುದೀಕ್ಷೆಯಾಗಿ ಮೂರನೇ ವಾರ
ಶಿವಮೊಗ್ಗದ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ
ಡ್ರಿಪ್ಪು ಚುಚ್ಚಿದ್ದ ಕೈಯನ್ನೆತ್ತಿ
ಪರದೆ ಎಳೆಯಲು ಸನ್ನೆ ಮಾಡಿದರು.
ಮಂಚದಿಂದಿಳಿದು ಮೊಣಕಾಲೂರಲು ನೋಡಿದರು, ತಡೆದೆ.
'ಫಾದರ್, ನನ್ನನ್ನು ಆಶೀರ್ವದಿಸಿ,' ಅಂದರು.
ನನಗೆ. ಆ ಮನುಷ್ಯ. ನನಗೆ.
'ನಾನು ಪಾಪ ಮಾಡಿದ್ದೇನೆ.'

ಮುಂದಿನದನ್ನು ಹೇಳಲಾರೆ, ಯಾರಿಗೂ, ಈ ಹಾಳೆಗೂ.
ಇಷ್ಟು ಮಾತ್ರ ನನ್ನದು, ಹೇಳಬಹುದು:
ಪಾಪವಿಮೋಚನೆಯ ಮಾತು ಉಚ್ಚರಿಸುವಾಗ
ಗಂಟಲು ಕಟ್ಟಿ, ನಡುವೆ ತಪ್ಪಿದೆ.
ಅವರೇ, ಕಣ್ಣು ಮುಚ್ಚಿದಂತೆಯೇ,
ಮುಂದಿನ ಪದ ಎತ್ತಿಕೊಟ್ಟರು.

ಕರೆಂಟು ಹೋಯಿತು. ಹನ್ನೆರಡಾಗಿರಬೇಕು.
ಮೇಣದಬತ್ತಿಗೆಂದು ಮಂಚದಡಿಯ ಟ್ರಂಕು ಎಳೆದು
ಬೆಂಕಿಕಡ್ಡಿ ಗೀರಿದರೆ,
ತುಕ್ಕು ತಿಂದು ಉಳಿಸಿದ್ದು
ಪೆಲಿಕ್ಸು ಬಿನ್
ಎಂಬಲ್ಲಿಗೆ. ಮುಂದೆ ಬರೀ ಕೆಂಪು ತಗಡು.
ಬೆರಳು ಸುಡುವವರೆಗೂ ನೋಡುತ್ತ ಕೂತೆ.
ಆ ಜಾಗದಲ್ಲಿ ಮೂವರೂ ಹಿಡಿಸುತ್ತಾರೆ,
ಸ್ವಲ್ಪ ಒತ್ತಿಕೊಂಡು ಕೂತರೆ.

ಹಾಳೆಯನ್ನು ಮಡಿಚಿ ಒಳಗಿಟ್ಟೆ.
ಮೂಲೆಮನೆಯ ರೋಯ್ಸ್ಟನ್, ಎಂಟು ವರ್ಷ,
ಇನ್ನೂ ಗಂಟೆಯ ಹಗ್ಗಕ್ಕೆ ಜೋತುಬೀಳುತ್ತಾನೆ.
ನಾಳೆ ಐದೂವರೆಗೇ ಬಾ ಎಂದಿದ್ದೇನೆ.