ಅರ್ಧ ಮಂಚ

ಕಾಂಜೂರ್‌ಮಾರ್ಗದ ಈ ಖೋಲಿಯಲ್ಲಿ
ಕಿಟಕಿ ಪಕ್ಕದ ಮಂಚ ರಾತ್ರಿ ನನ್ನದು,
ಹಗಲು ಶೇವಂತಿಯದು.
ಬಾಡಿಗೆ ತಲೆಗೆ ಐದು ಸಾವಿರ,
ದೀಪಾವಳಿಗೆ ಇನ್ನೈನೂರು ಅಂತ
ಡಿಸೋಜಾಬಾಯಿ ಆಗಲೇ ಡೈರಿಯಲ್ಲಿ ಬರೆದಿದ್ದಾಳೆ.

ಪವಾಯಿಯಲ್ಲಿ ಯಾರದೋ ಮುದುಕನ
ಮಗ್ಗುಲು ಬದಲಿಸಿ ಅವಳು ಬರುವ ಹೊತ್ತಿಗೆ
ನಾನು ಏಳೂ ನಲವತ್ತರ ಲೋಕಲ್ಲಿನಲ್ಲಿ, ಒಂಟಿಕಾಲಲ್ಲಿ.
ನನಗೆ ಗೊತ್ತಿರುವುದು ಅವಳ ಬಾಮಿನ ವಾಸನೆ,
ದಿಂಬಿಗಂಟಿದ ಒಂದೆರಡು ನರೆಗೂದಲು.
ಅವಳಿಗೆ ನನ್ನದೇನು ಗೊತ್ತೋ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದಿದ್ದಳು ಅವ್ವ;
ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ
ಎಂದು ಹೇಳಿರಲಿಲ್ಲ.

ಮೊನ್ನೆ ಜ್ವರ. ಏಳಲಾಗಲಿಲ್ಲ.
ಎಂಟಕ್ಕೆ ಬಂದವಳು ಬಾಗಿಲಲ್ಲೇ ನಿಂತು ನೋಡಿದಳು,
ಚಪ್ಪಲಿ ಬಿಟ್ಟಳು,
ಇರಲಿ, ಸರಿಯಬೇಡ, ಅಂದಳು ಮರಾಠಿಯಲ್ಲಿ.
ನೆಲಕ್ಕೆ ದುಪಟ್ಟಾ ಹಾಸಿ
ಮಂಚದ ಕಾಲಿಗೆ ತಲೆಯಿಟ್ಟು ಮಲಗಿದಳು.
ನನ್ನ ಕೆಮ್ಮಿಗೆ ಎರಡು ಸಲ ಎದ್ದು ನೀರು ಕೊಟ್ಟಳು,
ಕಣ್ಣು ಪೂರ್ತಿ ತೆರೆಯದೆ,
ಮುದುಕನಿಗೆ ಕೊಡುವ ಹಾಗೇ ಇರಬೇಕು.

ಮರುದಿನ ಲೆಕ್ಕ ಹಾಕಿ
ಒಂದು ಹಗಲಿನ ಬಾಡಿಗೆ, ನೂರ ಎಪ್ಪತ್ತು,
ದಿಂಬಿನಡಿ ಇಟ್ಟು ಹೋದೆ.

ರಾತ್ರಿ ಬಂದು ಎತ್ತಿ ನೋಡಿದರೆ
ಮೂರು ರೂಪಾಯಿ ಚಿಲ್ಲರೆ,
ಜ್ವರದ ಗುಳಿಗೆ ಒಂದು.