ಅರ್ಧಕ್ಕಿಳಿದ ಬಾವುಟ

ಮೊದಲು ತುದಿ ಮುಟ್ಟಿಸಬೇಕು,
ಆಮೇಲೆ ಅರ್ಧಕ್ಕಿಳಿಸಬೇಕು. ನಿಯಮ ಹಾಗಿದೆ.
ಹಗ್ಗ ಹೆಪ್ಪುಗಟ್ಟಿ ಕೋಲಾಗಿತ್ತು ಈ ಬೆಳಿಗ್ಗೆ;
ಉಸಿರೂದಿ, ಬಡಿದು, ಬೈದು ಏರಿಸಿದೆ,
ಇಳಿಸಿದೆ. ರಸ್ತೆ ಇಲಾಖೆಯ ಶೆಡ್ಡಿನ ಮುಂದೆ
ನೋಡುವವರು ಯಾರು?
ಡೀಸೆಲ್ ಟ್ಯಾಂಕು, ಉಪ್ಪಿನ ಗುಡ್ಡೆ,
ಆಚೆಗೆ ಡಕೋಟಾದ ಬಯಲು, ಬೆಳ್ಳಗೆ, ಕಿವುಡಾಗಿ.

ಇಂಗೆಬೊರ್ಗ್ ಟೋರ್ವಿಕ್ ತೀರಿಕೊಂಡರು, ಎಂಬತ್ತೊಂಬತ್ತು.
ಎರಡು ಅವಧಿ ನಮ್ಮ ಗವರ್ನರು.
ತುಂಬಲಾರದ ನಷ್ಟ, ಅಂದ ರೇಡಿಯೋದವನು.
ಅವರಿದ್ದಿದ್ದರೆ ಕೇಳುತ್ತಿದ್ದರು:
ಎಷ್ಟು ನಷ್ಟ? ಅಂಕಿ ಎಲ್ಲಿ?

ನನಗೆ ಗೊತ್ತಿರುವುದು ಒಂದು ದನಿ.
ನಾನಾಗ ಕೆಲಸಕ್ಕೆ ಹೊಸಬ, ಹೊರಗೆ ಹಿಮಗಾಳಿ,
ರಾತ್ರಿ ಮೂರಕ್ಕೆ ಶೆಡ್ಡಿನ ಫೋನು.
"ಲಿಂಡಾಲ್ ಶಾಲೆಯ ಬಸ್ಸು ಸಿಕ್ಕಿತಾ?"
ಯಾರು ಮಾತಾಡೋದು ಅಂದೆ.
"ಇಂಗೆಬೊರ್ಗ್" ಅಂದರು, ಪಕ್ಕದ ಹೊಲದವರ ಹಾಗೆ.
ಯಾರೋ ಕುಡಿದಿದ್ದಾರೆಂದು ಫೋನಿಟ್ಟೆ.
ಮತ್ತೆ ಬಡಿಯಿತು.
"ಇಟ್ಟದ್ದು ಒಳ್ಳೇದಾಯ್ತು, ಲೈನು ಖಾಲಿ ಇರಬೇಕು.
ಈಗ ಹೇಳು, ಬಸ್ಸು?"

ಬಸ್ಸು ಸಿಕ್ಕಿದ್ದು ಐದೂವರೆಗೆ.
ಒಂದೇ ಸೀಟಿನ ಸುತ್ತ ಹನ್ನೊಂದು ಮಕ್ಕಳು,
ಕಾವಿಗೆ ಕೂತ ಮರಿಗಳಂತೆ;
ಚಾಲಕ ಆರ್ನೆ ಹ್ವಾಲ್ ತನ್ನ ಕೋಟು, ಕೈಗವಸು
ಎಲ್ಲ ಬಿಚ್ಚಿ ಹೊದಿಸಿದ್ದ.
ಅವನ ಎರಡು ಬೆರಳು ಹೋದವು.
ಆ ಎರಡು ಬೆರಳಿನ ಪಿಂಚಣಿಗಾಗಿ ನಾಲ್ಕು ವರ್ಷ
ಕಡತದ ಬೆನ್ನು ಹತ್ತಿದರು ಆಕೆ.
ಇದು ಯಾವ ಪೇಪರಿನಲ್ಲೂ ಬರಲಿಲ್ಲ.

ನಮ್ಮೂರ ಆಸ್ಪತ್ರೆ ಮುಚ್ಚಿಸಿದ್ದೂ ಆಕೆಯೇ.
ಅದನ್ನೂ ಹೇಳಬೇಕು;
ಸತ್ತವರ ಮುಂದೆ ತಕ್ಕಡಿ ವಾಲಬಾರದು.
ಹದಿನಾಲ್ಕು ಹಾಸಿಗೆ. ಅಮ್ಮ ಅಲ್ಲಿ ಇಪ್ಪತ್ತಾರು ವರ್ಷ ನರ್ಸು.
ಪತ್ರ ಕಳಿಸಬಹುದಿತ್ತು, ಕಾರ್ಯದರ್ಶಿಯನ್ನು ಅಟ್ಟಬಹುದಿತ್ತು.
ತಾವೇ ಬಂದರು ಚರ್ಚಿನ ನೆಲಮಾಳಿಗೆಗೆ,
ಮಡಚುವ ಕುರ್ಚಿಯಲ್ಲಿ ಮೂರು ತಾಸು ಕೂತರು,
ಊರಿನ ಬೈಗುಳವೆಲ್ಲ ಖರ್ಚಾಗುವವರೆಗೆ.
"ದುಡ್ಡಿಲ್ಲ" ಅಂದರು ಕೊನೆಗೆ.
"ಇದೆ ಅಂತ ಹೇಳಿ ನಿಮ್ಮ ಓಟು ಕೇಳಲಾರೆ."
ಕೇಳಲಿಲ್ಲ. ನಾವೂ ಕೊಡಲಿಲ್ಲ.
ಆದರೂ ಗೆದ್ದರು.

ಅಪ್ಪನಿಗೆ ಎದೆ ಹಿಡಿದದ್ದು ಅದಾಗಿ ಆರನೇ ಚಳಿಗಾಲ.
ಐವತ್ತೆರಡು ಮೈಲಿ. ಹಿಂದೆ ಆಂಬುಲೆನ್ಸು,
ಮುಂದೆ ಹಿಮ ತಳ್ಳುತ್ತ ಹೋದವನು ನಾನೇ.
ನಲವತ್ತನೇ ಮೈಲಿಯಲ್ಲಿ ಕನ್ನಡಿಯೊಳಗಿನ
ಕೆಂಪು ದೀಪ ಆರಿತು. ಆರಿಸಿದರು.
ಅವಸರ ಮುಗಿದಿತ್ತು.

ಮಣ್ಣಿಗೆ ಬಂದಿದ್ದರು ಆಕೆ, ಅಧಿಕಾರ ಬಿಟ್ಟಾಗಿತ್ತು,
ಹಿಂದಿನ ಬೆಂಚು, ಮಂಡಿಯ ಮೇಲೆ ಉಣ್ಣೆ ಟೋಪಿ.
ಅಮ್ಮ ತಿರುಗಿ ನೋಡಿದಳು.
ಮುಂದೆ ಬಾ ಅನ್ನಲಿಲ್ಲ.

ಈಗ ಆ ಅಮ್ಮ ಬೆಳಿಗ್ಗೆಯಿಂದ
ಆಲೂಗಡ್ಡೆ ಬೇಯಿಸಿ, ಕಿವುಚಿ, ರೊಟ್ಟಿ ಲಟ್ಟಿಸುತ್ತಿದ್ದಾಳೆ,
ಟೋರ್ವಿಕ್ ಮನೆಯವರಿಗೆ, ಅರವತ್ತು ರೊಟ್ಟಿ,
ಸೆರಗಿಲ್ಲದ ಮೇಲಂಗಿಯ ತುಂಬ ಹಿಟ್ಟು.
ಕ್ಷಮಿಸಿದೆಯಾ, ಅಂದೆ.
"ಇಲ್ಲ" ಅಂದಳು, ಕಾವಲಿಯಿಂದ ಕಣ್ಣೆತ್ತದೆ.
"ಮೂರು ತಾಸು ಕೂತಿದ್ದಳು, ನನ್ನೆದುರು.
ನಾನೂ ಹೋಗಿ ಕೂರಬೇಕು."

ಸಂಜೆಗೆ ಮತ್ತೆ ಹಿಮವಂತೆ.
ಸ್ಮಶಾನದ ದಾರಿಗೆ ಎರಡು ಸಲ ಬ್ಲೇಡು ಎಳೆಯಬೇಕು,
ಉಪ್ಪು ಹೆಚ್ಚಿಗೆ ಸುರಿಯಬೇಕು.
ಅಮ್ಮನ ಕಾಲು ಮೊದಲಿನಂತಿಲ್ಲ.